ನಂಜನ್ನು ಹಿಡಿದಿಟ್ಟ ಗಾಜು

ಯಕೃತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲವೆಂದು ವೈದ್ಯರು ಹೇಳಿದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಹಾಗಾದರೆ ವಿಕಿರಣ ಕೊಡಬಾರದೇ?’ ಎಂಬುದು. ಹಿಂದೆ ಇದಕ್ಕೆ ಸಿಗುತ್ತಿದ್ದ ಉತ್ತರ ಕಠಿಣವಾಗಿತ್ತು. ಗಡ್ಡೆಯನ್ನು ಕೊಲ್ಲುವಷ್ಟು ವಿಕಿರಣವನ್ನು ಹೊರಗಿನಿಂದ ಇಡೀ ಯಕೃತ್ತಿಗೆ ಹಾಯಿಸಿದರೆ ಅದರ ಆರೋಗ್ಯವಂತ ಭಾಗ ತಾಳಲಾರದು. ನಂಜು ಕೈಯಲ್ಲಿತ್ತು, ಅದನ್ನು ಬೇಕಾದಲ್ಲಿಗಷ್ಟೇ ಒಯ್ಯುವ ಪಾತ್ರೆ ಇರಲಿಲ್ಲ. ಈ ಚಿಕಿತ್ಸೆಯ ಚರಿತ್ರೆಯನ್ನು ಆ ಪಾತ್ರೆಯ ಹುಡುಕಾಟವೆಂದೇ ನಾವು ಓದುತ್ತೇವೆ.

ದಾರಿ ತೋರಿದ್ದು 1954ರ ಒಂದು ಅಧ್ಯಯನ. ಯಕೃತ್ತಿನ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ಅಭಿಧಮನಿಯ ಮೂಲಕ ಬರುತ್ತದೆ, ಉಳಿದದ್ದು ಅಪಧಮನಿಯ ಮೂಲಕ. ಗಡ್ಡೆಗಳು ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಉಂಡು ಬೆಳೆಯುತ್ತವೆಂದು ಅಮೆರಿಕದ ಚಾರ್ಲ್ಸ್ ಬ್ರೀಡಿಸ್ ಮತ್ತು ಗ್ಲಾಡಿಸ್ ಯಂಗ್ ತೋರಿಸಿಕೊಟ್ಟರು.

ಆ ದಾರಿಯಲ್ಲಿ ಕಳಿಸಲು ಇಟ್ರಿಯಂ-90 ತಕ್ಕದ್ದಾಗಿತ್ತು. ಅದರ ಬೀಟಾ ಕಿರಣಗಳು ಅಂಗಾಂಶದಲ್ಲಿ ಸರಾಸರಿ 2.5 ಮಿಲಿಮೀಟರ್ ಮಾತ್ರ ಸಾಗುತ್ತವೆ. ಸುಮಾರು 64 ಗಂಟೆಗಳಿಗೊಮ್ಮೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. 1960ರ ದಶಕದಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಏರಿಯಲ್ ಇಟ್ರಿಯಂ ತುಂಬಿದ ಸೂಕ್ಷ್ಮಗೋಳಗಳನ್ನು ರೋಗಿಗಳ ಅಪಧಮನಿಗೆ ಹರಿಸಿದರು. ಆದರೆ ಆ ಕಾಲದ ಗೋಳಗಳಿಂದ ಇಟ್ರಿಯಂ ಸೋರಿ, ಎಲುಬು ಸೇರಿ, ಮಜ್ಜೆಯನ್ನು ಕೆಡಿಸುವ ಅಪಾಯವಿತ್ತು.

1980ರ ದಶಕದಲ್ಲಿ ಮಿಸೌರಿಯ ಗಾಜಿನ ತಜ್ಞ ಡೆಲ್ಬರ್ಟ್ ಡೇ ಮತ್ತು ಗ್ಯಾರಿ ಎರ್ಹಾರ್ಟ್ ಇದಕ್ಕೆ ಪರಿಹಾರ ಕಂಡರು. ವಿಕಿರಣವಿಲ್ಲದ ಸಾಮಾನ್ಯ ಇಟ್ರಿಯಂ ಅನ್ನು ಗಾಜಿನೊಳಗೇ ಕರಗಿಸಿ, 20ರಿಂದ 30 ಮೈಕ್ರಾನ್ ಅಳತೆಯ ಗೋಳಗಳನ್ನು ಮಾಡಿ, ಆಮೇಲೆ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿದರು. ನಂಜು ಗಾಜಿನ ಮೈಯೊಳಗೇ ಹುಟ್ಟಿತು, ಅಲ್ಲಿಯೇ ಉಳಿಯಿತು. ಹಾಲಾಹಲವನ್ನು ಕಂಠದಲ್ಲೇ ನಿಲ್ಲಿಸಿಕೊಂಡ ನಂಜುಂಡನ ಕತೆ ಕೇಳಿ ಬೆಳೆದ ನಮಗೆ ಈ ಯುಕ್ತಿ ಅಪರಿಚಿತವೆನಿಸದು. ಅಮೆರಿಕ 1999ರಲ್ಲಿ ಈ ಗಾಜಿನ ಗೋಳಗಳಿಗೂ, 2002ರಲ್ಲಿ ಆಸ್ಟ್ರೇಲಿಯದಲ್ಲಿ ರೂಪುಗೊಂಡ ರಾಳದ ಗೋಳಗಳಿಗೂ ಅನುಮತಿ ನೀಡಿತು.

ಹಾಗೆಂದು ಇದನ್ನು ಪವಾಡವೆನ್ನಲಾಗದು. 2017ರಲ್ಲಿ ಪ್ರಕಟವಾದ ಫ್ರಾನ್ಸಿನ ‘ಸಾರಾ’ ಅಧ್ಯಯನದಲ್ಲಿ ರಾಳದ ಗೋಳಗಳ ಚಿಕಿತ್ಸೆ ಪಡೆದವರು ಸೊರಾಫೆನಿಬ್ ಮಾತ್ರೆ ನುಂಗಿದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಬದುಕಿದ ದಿನಗಳು ಮಾತ್ರ ಹೆಚ್ಚು ಸಹನೀಯವಾಗಿದ್ದವು. 2021ರಲ್ಲಿ ಬಂದ ಇನ್ನೊಂದು ಫ್ರೆಂಚ್ ಅಧ್ಯಯನ, ಗಾಜಿನ ಗೋಳಗಳ ಪ್ರಮಾಣವನ್ನು ಪ್ರತಿ ರೋಗಿಯ ಗಡ್ಡೆಗೆ ತಕ್ಕಂತೆ ಲೆಕ್ಕಹಾಕಿದರೆ ಫಲ ಉತ್ತಮವೆಂದು ತೋರಿಸಿತು. ಪಾತ್ರೆ ಸಿಕ್ಕಿದ ಮೇಲೂ ಅಳತೆ ಕಲಿಯುವುದು ಬಾಕಿಯಿತ್ತು.

ಈ ಚರಿತ್ರೆಯ ಒಂದು ಪುಟ ಮುಂಬಯಿಯದು. ಆಮದಾದ ಗೋಳಗಳ ಬೆಲೆ ನಮ್ಮ ಹೆಚ್ಚಿನ ಕುಟುಂಬಗಳಿಗೆ ಎಟುಕದು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರ ‘ಭಾಭಾಸ್ಫಿಯರ್’ ಎಂಬ ದೇಶೀಯ ಗಾಜಿನ ಗೋಳಗಳನ್ನು ರೂಪಿಸಿರುವುದರ ಮಹತ್ವ ಇಲ್ಲಿದೆ. ಊರಿನಿಂದ ಚಿಕಿತ್ಸೆಗೆಂದು ಬಂದ ಬಂಧುಗಳನ್ನು ಮನೆಯಲ್ಲಿರಿಸಿಕೊಂಡು ಪರೇಲಿನ ಆಸ್ಪತ್ರೆಗೆ ಕರೆದೊಯ್ದವರು ನಮ್ಮಲ್ಲಿ ಹಲವರಿದ್ದೇವೆ. ‘ಗುಣವಾಗುತ್ತದೆ’ ಎಂಬ ಮಾತಿಗೂ ‘ಇನ್ನೇನೂ ಉಳಿದಿಲ್ಲ’ ಎಂಬ ಮಾತಿಗೂ ನಡುವೆ ಒಂದಿಷ್ಟು ಜಾಗವಿದೆಯೆಂದು ಅವರಿಗೆ ಹೇಳಬಲ್ಲೆವು. ಆ ಜಾಗವನ್ನು ತೆರವು ಮಾಡಲು ಅರ್ಧ ಶತಮಾನ ಹಿಡಿಯಿತು.