ಕ್ಯಾಸನೂರಿನಿಂದ ಜೆಡ್ಡಾದವರೆಗೆ: ಒಂದು ವಿರಳ ಜ್ವರದ ಇತಿಹಾಸ



ಬತ್ಹಾದ ಈ ಸಭೆಯಲ್ಲಿ ಮಲೆನಾಡಿನ ಕಾಯಿಲೆಯೊಂದನ್ನು ಕುರಿತು ಮಾತನಾಡಲು ಕಾರಣವುಂಟು. ಅದರ ಅತಿ ಸಮೀಪದ ಜ್ಞಾತಿ ಪತ್ತೆಯಾದದ್ದು ನಾವು ದುಡಿಯುತ್ತಿರುವ ಈ ಸೌದಿ ಅರೇಬಿಯಾದಲ್ಲಿಯೇ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತು ಬಿದ್ದವು. ಸೊಪ್ಪು ಸೌದೆಗೆಂದು ಕಾಡು ಹೊಕ್ಕವರು ತೀವ್ರ ಜ್ವರ, ತಲೆನೋವು, ಮೈಕೈ ನೋವುಗಳಿಂದ ಹಾಸಿಗೆ ಹಿಡಿದರು. ಕೆಲವರಲ್ಲಿ ರಕ್ತಸ್ರಾವವೂ ಕಾಣಿಸಿತು. ಮಂಗಗಳ ಸಾವು ಪೀತಜ್ವರದ ಮುನ್ಸೂಚನೆಯೆಂಬುದು ದಕ್ಷಿಣ ಅಮೆರಿಕದ ಅನುಭವ. ಏಷ್ಯಾದಲ್ಲಿ ನೆಲೆಯೂರದಿದ್ದ ಆ ಪಿಡುಗು ಬಂದಿತೇ ಎಂಬ ಶಂಕೆ ಸಹಜವಾಗಿಯೇ ಹುಟ್ಟಿತು.

ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಹಾಗೂ ಸಂಗಡಿಗರು ವೈರಸ್ಸನ್ನು ಬೇರ್ಪಡಿಸಿದಾಗ ಆ ಶಂಕೆ ನೀಗಿತು. ಅದು ರಷ್ಯಾದ ಕಾಡುಗಳಲ್ಲಿ ಉಣ್ಣೆಹುಳುಗಳಿಂದ ಹರಡುವ ಮೆದುಳುಜ್ವರದ ಬಳಗಕ್ಕೆ ಸೇರಿದ ಹೊಸ ವೈರಸ್. ಮಲೆನಾಡಿನಲ್ಲಿಯೂ ಅದರ ವಾಹಕ ಉಣ್ಣೆಯೇ. ಜನ ಅದನ್ನು ಮಂಗನ ಕಾಯಿಲೆ ಎಂದರು. ಮಂಗವಾದರೋ ಮನುಷ್ಯನಂತೆಯೇ ಬಲಿಪಶು.

ಮಡಿದ ಮೂವರ ಶವಪರೀಕ್ಷೆಯ ವಿವರಗಳು 1959ರಲ್ಲಿ ಪ್ರಕಟವಾದವು. ಯಕೃತ್ತು, ಮೂತ್ರಪಿಂಡಗಳ ಜೀವಕೋಶಗಳು ಶಿಥಿಲಗೊಂಡಿದ್ದವು. ಶ್ವಾಸಕೋಶಗಳಲ್ಲಿ ರಕ್ತ ಒಸರಿತ್ತು. ಯಕೃತ್ತು ಮತ್ತು ಗುಲ್ಮಗಳಲ್ಲಿ ಕಾವಲು ಕಾಯಬೇಕಾದ ಕೋಶಗಳು ದೇಹದ ಕೆಂಪು ರಕ್ತಕಣಗಳನ್ನೇ ನುಂಗಿದ್ದವು. ಈ ಅರಿವು ನಮಗೆ ದೊರೆತದ್ದು ಮಡಿದವರ ದೇಹಗಳಿಂದ ಎಂಬುದನ್ನು ಮರೆಯಲಾಗದು.

1995ರಲ್ಲಿ ಜೆಡ್ಡಾದಲ್ಲಿ ಕುರಿ ಕಡಿಯುವ ಕಸುಬಿನವರೊಬ್ಬರ ರಕ್ತದಲ್ಲಿ ಅಪರಿಚಿತ ವೈರಸ್ ದೊರೆಯಿತು. ಅಲ್‌ಖುಮ್ರಾ ಎಂದು ಹೆಸರಾದ ಅದರ ವಂಶವಾಹಿಯನ್ನು 2001ರಲ್ಲಿ ಓದಿದಾಗ ಕ್ಯಾಸನೂರಿನ ಬಾಂಧವ್ಯ ಖಚಿತವಾಯಿತು. ಇಲ್ಲಿ ಕುರಿ, ಒಂಟೆ ಮತ್ತು ಮರಳಿನ ಉಣ್ಣೆ. ಅಲ್ಲಿ ಕಾಡು, ಮಂಗ ಮತ್ತು ತರಗೆಲೆಯ ಉಣ್ಣೆ. ಈಚಿನ ದಶಕಗಳಲ್ಲಿ ವೈರಸ್ ಭಾರತದಿಂದ ಬಂದಿರಬಹುದೆಂದು ಮೊದಲು ಊಹಿಸಲಾಗಿತ್ತು. 2011ರ ಅಧ್ಯಯನವು ಇವೆರಡೂ ಸುಮಾರು 700 ವರ್ಷಗಳ ಹಿಂದೆಯೇ ಕವಲೊಡೆದಿರಬೇಕೆಂದು ಅಂದಾಜಿಸಿತು. ದುಡಿಯಲು ಬಂದವರ ಮೇಲೆ ಹೊರೆ ಹೊರಿಸುವುದು ಎಷ್ಟು ಸುಲಭ, ಸಾಕ್ಷ್ಯ ಎಷ್ಟು ಅವಶ್ಯಕ ಎಂಬುದಕ್ಕೆ ಇದು ನಿದರ್ಶನ.

ಮಂಗನ ಕಾಯಿಲೆಗೆ 1990ರಿಂದ ಬಳಕೆಯಲ್ಲಿದ್ದ ಲಸಿಕೆಯನ್ನು, ಅದರ ಪರಿಣಾಮ ಸಾಲದೆಂದು, 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಎಚ್ಚರವೇ ಮೊದಲ ರಕ್ಷೆ. ಬೇಸಿಗೆಯಲ್ಲಿ ಮಲೆನಾಡಿಗೆ ಹೋಗಿಬಂದವರಿಗಾಗಲಿ, ಇಲ್ಲಿ ಕುರಿ ಒಂಟೆಗಳೊಡನೆ ದುಡಿಯುವವರಿಗಾಗಲಿ ಜ್ವರ ಬಂದರೆ, ಎಲ್ಲಿದ್ದೆವು, ಏನು ಮುಟ್ಟಿದೆವು ಎಂಬುದನ್ನು ವೈದ್ಯರಿಗೆ ತಾವಾಗಿಯೇ ಹೇಳಲಿ. ವಿರಳ ರೋಗದ ನಿದಾನ ಬಹುವೇಳೆ ಆ ಒಂದು ಮಾತಿನಿಂದಲೇ ಆರಂಭವಾಗುತ್ತದೆ.