ಮಗ್ಗದ ನಂಟು ಬಿಡದಿಗೆ ಬಂತು

ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಹೋಗುವವರಿಗೆ ಬಿಡದಿ ಎಂದರೆ ತಟ್ಟೆ ಇಡ್ಲಿ. ಅಲ್ಲಿಂದ ಕೊಂಚ ಒಳಕ್ಕೆ, 432 ಎಕರೆಯಲ್ಲಿ ಹರಡಿರುವ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2022ರ ಆಗಸ್ಟ್‌ನಲ್ಲಿ ಅಪರೂಪದ ಕೆಲಸವೊಂದು ಶುರುವಾಯಿತು. ಒಂದೇ ಸೂರಿನಡಿ ಟೊಯೋಟದ ಹೈರೈಡರ್ ಕಾರಿನ ಜೊತೆಗೆ ಪ್ರತಿಸ್ಪರ್ಧಿ ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರವೂ ತಯಾರಾಗತೊಡಗಿತು. ಮಾರಾಟದಲ್ಲಿ ಪೈಪೋಟಿ, ತಯಾರಿಕೆಯಲ್ಲಿ ಪಾಲುದಾರಿಕೆ! ಇದು ಸಾಧ್ಯವಾದದ್ದು ಹೇಗೆ?

ಇದರ ಬೇರು ಮಗ್ಗದಲ್ಲಿದೆ. ಜಪಾನಿನ ಇಂದಿನ ಶಿಜುವೊಕ ಪ್ರಾಂತ್ಯದಲ್ಲಿ ಹುಟ್ಟಿದ ಸಾಕಿಚಿ ಟೊಯೊಡ ಮತ್ತು ಮಿಚಿಯೊ ಸುಜುಕಿ ಇಬ್ಬರೂ ಮಗ್ಗ ತಯಾರಕರು. ಸುಜುಕಿ 1909ರಲ್ಲಿ ಮಗ್ಗದ ಕಾರ್ಖಾನೆ ತೆರೆದರು. ಟೊಯೊಡ ಅವರ ಸ್ವಯಂಚಾಲಿತ ಮಗ್ಗದ ಕಂಪನಿ 1926ರಲ್ಲಿ ಹುಟ್ಟಿತು. ಎರಡೂ ಮನೆತನಗಳು ಮುಂದೆ ಕಾರಿನ ಕಡೆ ತಿರುಗಿದವು. ಈ ಮಗ್ಗದ ಮನೆತನಗಳು ಕೊನೆಗೆ ಕೈಜೋಡಿಸಿದ್ದು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದ ನೆರೆಯಲ್ಲಿ ಎಂಬುದು ಸ್ವಾರಸ್ಯಕರ.

ಕಷ್ಟಕಾಲದ ನೆರವೂ ಹಳೆಯದೇ. 1970ರ ದಶಕದಲ್ಲಿ ಜಪಾನ್ ಹೊಗೆ ನಿಯಂತ್ರಣದ ನಿಯಮ ಬಿಗಿಗೊಳಿಸಿದಾಗ ಸುಜುಕಿ ಇಕ್ಕಟ್ಟಿಗೆ ಸಿಲುಕಿತು. ಆಗ 1977ರಲ್ಲಿ ಟೊಯೋಟ ಬಳಗದ ಡೈಹತ್ಸು ತನ್ನ ಎಂಜಿನ್ ಒದಗಿಸಿತು.

ಭಾರತದಲ್ಲಿ ಮಾತ್ರ ಇಬ್ಬರೂ ಎದುರಾಳಿಗಳಾದರು. 1983ರಲ್ಲಿ ಬಂದ ಮಾರುತಿ 800 ಮಧ್ಯಮ ವರ್ಗದ ಮನೆಯ ಕಾರಾಯಿತು. ಟೊಯೋಟ 1999ರ ಕೊನೆಗೆ ಬಿಡದಿಯಲ್ಲಿ ಕ್ವಾಲಿಸ್ ತಯಾರಿಕೆ ಆರಂಭಿಸಿತು. 2010ರಲ್ಲಿ ಎಟಿಯಾಸ್‌ಗಾಗಿ ಎರಡನೇ ಘಟಕವನ್ನೂ ತೆರೆಯಿತು. ಆದರೆ ಸಣ್ಣ ಕಾರಿನಲ್ಲಿ ಮಾರುತಿಯನ್ನು ಹಿಂದಿಕ್ಕುವುದು ಅದರ ಕೈಲಾಗಲಿಲ್ಲ.

ಇತ್ತ ಸುಜುಕಿಗೆ ಬೇರೊಂದು ವ್ಯಾಜ್ಯ. 2009ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಜೊತೆ ಮಾಡಿಕೊಂಡ ಒಪ್ಪಂದ ಎರಡೇ ವರ್ಷದಲ್ಲಿ ಮುರಿದುಬಿತ್ತು. ಸಮಾನರೆಂದು ಬಂದವರು ಯಜಮಾನಿಕೆ ಮಾಡುತ್ತಾರೆ ಎಂಬುದು ಸುಜುಕಿಯ ಅಸಮಾಧಾನ. ಡೀಸೆಲ್ ಎಂಜಿನ್ನನ್ನು ಫಿಯೆಟ್‌ನಿಂದ ಕೊಂಡದ್ದೇ ತಪ್ಪೆಂಬುದು ಜರ್ಮನ್ನರ ದೂರು. 2015ರ ಆಗಸ್ಟ್‌ನಲ್ಲಿ ಪಂಚಾಯ್ತಿ ತೀರ್ಪು ಬಂದು, ಫೋಕ್ಸ್‌ವ್ಯಾಗನ್ ತನ್ನ ಶೇ 19.9ರ ಪಾಲನ್ನು ಹಿಂತಿರುಗಿಸಬೇಕಾಯಿತು. ಪರಿಹಾರದ ತಕರಾರು 2016ರಲ್ಲಿ ರಾಜಿಯಲ್ಲಿ ಬಗೆಹರಿಯಿತು.

ಅದೇ ವರ್ಷ ಸುಜುಕಿ ಟೊಯೋಟದ ಬಾಗಿಲು ತಟ್ಟಿತು. ಅಗ್ಗದಲ್ಲಿ ಸಣ್ಣ ಕಾರು ಮಾಡುವ ಕಸುಬು ಒಬ್ಬರಲ್ಲಿ, ಹೈಬ್ರಿಡ್ ತಂತ್ರಜ್ಞಾನ ಇನ್ನೊಬ್ಬರಲ್ಲಿ. 2018ರ ಮಾರ್ಚ್‌ನಲ್ಲಿ ಭಾರತದಲ್ಲಿ ಪರಸ್ಪರ ಕಾರು ಪೂರೈಸುವ ಒಪ್ಪಂದವಾಯಿತು. 2019ರಲ್ಲಿ ಮಾರುತಿಯ ಬಲೆನೊ ‘ಗ್ಲಾನ್ಜಾ’ ಎಂಬ ಹೆಸರಿನಲ್ಲಿ ಟೊಯೋಟ ಮಳಿಗೆಗೆ ಬಂತು. ಅದೇ ವರ್ಷ ಟೊಯೋಟ ಸುಜುಕಿಯ ಶೇ 4.94ರಷ್ಟು ಷೇರು ಕೊಳ್ಳಲು ನಿರ್ಧರಿಸಿತು. ಸುಜುಕಿಯೂ ಟೊಯೋಟದಲ್ಲಿ ಹಣ ಹೂಡಲು ಒಪ್ಪಿತು. ಹಿಂದಿನ ಪಾಠ ಮರೆತಿರಲಿಲ್ಲ: ಪಾಲು ಚಿಕ್ಕದಾದಷ್ಟೂ ಯಜಮಾನಿಕೆಯ ಭಯ ಕಡಿಮೆ.

ಇದರಿಂದ ಬಿಡದಿಗೇನು ಲಾಭ? ಕಾರ್ಖಾನೆಗೆ ಹೆಚ್ಚು ಕಾರು ಎಂದರೆ ಅದನ್ನು ನಂಬಿದ ಕಾರ್ಮಿಕರಿಗೆ, ಬಿಡಿಭಾಗ ಮಾಡುವ ಘಟಕಗಳಿಗೆ ಹೆಚ್ಚು ಕೆಲಸ. ಆದರೆ ಕೊಳ್ಳುವವನು ಒಂದು ಮಾತು ಕೇಳಿಯಾನು: ಲಾಂಛನ ಎರಡು, ಕಾರು ಬಹುಪಾಲು ಒಂದೇ ಆದರೆ ನನ್ನ ಮುಂದಿರುವ ಆಯ್ಕೆ ನಿಜಕ್ಕೂ ಎಷ್ಟು? ಎದುರಾಳಿಗಳು ರಾಜಿಯಾದಾಗಲೆಲ್ಲ ಕೇಳಬೇಕಾದ ಪ್ರಶ್ನೆ ಅದು.