ಗುಂಯ್ ಸದ್ದಿಗೆ ಕಡಿವಾಣ

ಎಲೆಕ್ಟ್ರಿಕ್ ಗಿಟಾರ್ ನುಡಿಯುವ ಮುನ್ನವೇ ಸ್ಪೀಕರಿನಿಂದ ಹೊರಡುವ ಗುಂಯ್ ಸದ್ದನ್ನು ನಾವೆಲ್ಲ ಕೇಳಿದ್ದೇವೆ. ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ತಂತಿಯ ಕಂಪನದ ಜತೆಗೆ ಸುತ್ತಲ ಟ್ರಾನ್ಸ್‌ಫಾರ್ಮರುಗಳ ಕಾಂತಕ್ಷೇತ್ರವನ್ನೂ ಅದು ಹಿಡಿಯುತ್ತದೆ.

1955ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿಯ ಸೆತ್ ಲವರ್ ಇದಕ್ಕೊಂದು ಉಪಾಯ ಹೂಡಿದರು. ಅಕ್ಕಪಕ್ಕ ಎರಡು ಸುರುಳಿ. ಅವುಗಳ ಜೋಡಣೆ ಪರಸ್ಪರ ವಿರುದ್ಧ, ಕಾಂತಧ್ರುವಗಳೂ ವಿರುದ್ಧ. ಹೊರಗಿನ ಸದ್ದು ಜೋಡಣೆಯಿಂದಾಗಿ ಒಂದನ್ನೊಂದು ಅಳಿಸುತ್ತದೆ. ತಂತಿಯ ನಾದವೋ, ಋಣವನ್ನು ಋಣದಿಂದ ಗುಣಿಸಿದರೆ ಧನವಾಗುವಂತೆ, ಎರಡು ಬಾರಿ ತಿರುಗಿ ಕೂಡಿಕೊಳ್ಳುತ್ತದೆ. 1959ರಲ್ಲಿ ಪೇಟೆಂಟ್ ದೊರೆಯಿತು. ಅದೇ ದಶಕದಲ್ಲಿ ರೇ ಬಟ್ಸ್ ಎಂಬವರೂ ಇದೇ ದಾರಿ ಹಿಡಿದಿದ್ದರು.

ಆದರೆ ಗುಂಯ್ ಸದ್ದಿನೊಡನೆ ನಾದದ ಹೊಳಪೂ ಕೊಂಚ ತಗ್ಗಿತು. ಗುಂಯ್‌ಗುಟ್ಟಿದರೂ ಸರಿಯೆಂದು ಒಂಟಿ ಸುರುಳಿಯನ್ನೇ ನೆಚ್ಚಿದ ವಾದಕರು ಇಂದಿಗೂ ಇದ್ದಾರೆ. ಅವರನ್ನು ನಾವು ದೂರಲಾರೆವು.